ಚೀಟಿಯಿಲ್ಲದ ಡಬ್ಬಿ

ನೆಲಮಾಳಿಗೆಯಿಂದ ಸದ್ದು ಬಂದಾಗ ಆರ್ಲಿಸ್ ಬೆಳಗಿನ ಪಾತ್ರೆ ತೊಳೆಯುತ್ತಿದ್ದಳು. ಮೊದಲು ಕಬ್ಬಿಣದ ಹಿಡಿ ಕೆಳಗಿಳಿಯುವ ಕಿರುಗುಟ್ಟು, ಆಮೇಲೆ ತಳ ಮುಟ್ಟಿದ ಟೊಕ್. ಮತ್ತೆ ಮೇಲೆ, ಮತ್ತೆ ಕೆಳಗೆ. ಅವಳ ಗಂಡ ಲೈಲ್ ತೋಟೆ ತುಂಬುವ ಪ್ರೆಸ್ಸಿನ ಹಿಡಿ ಎಳೆಯುತ್ತಿದ್ದ. ಪ್ರೆಸ್ಸಿನೊಳಗೆ ತೋಟೆ ಇರಲಿಲ್ಲ. ಅಕ್ಟೋಬರ್‌ನಿಂದ ಇಲ್ಲ. ಐದು ತಿಂಗಳಿಂದ ಅವನು ಗಾಳಿಯನ್ನೇ ಒತ್ತುತ್ತಿದ್ದ.

ಮೊಂಟಾನಾದ ಆ ಕಣಿವೆಯಲ್ಲಿ ತೋಟೆಯನ್ನು ಅಂಗಡಿಯಲ್ಲಿ ಕೊಳ್ಳುವವರದು ಒಂದು ಜಾತಿ, ಮನೆಯಲ್ಲೇ ತುಂಬಿಕೊಳ್ಳುವವರದು ಇನ್ನೊಂದು ಜಾತಿ. ಲೈಲ್ ಎರಡನೆಯ ಜಾತಿಯವನು. ಒಮ್ಮೆ ಹಾರಿಸಿದ ತೋಟೆಯ ಹಿತ್ತಾಳೆ ಚಿಪ್ಪನ್ನು ಹೆಕ್ಕಿ ತಂದು, ತೊಳೆದು, ಪ್ರೆಸ್ಸಿನಲ್ಲಿ ಒತ್ತಿ ಆಕಾರಕ್ಕೆ ತಂದು, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ತೂಕ ಮಾಡಿದ ಮದ್ದು ಸುರಿದು, ಬಾಯಿಗೆ ಗುಂಡು ಒತ್ತುವುದು ಅವನ ಚಳಿಗಾಲದ ಕೆಲಸವಾಗಿತ್ತು. ಊರಿನಲ್ಲಿ ಚೆಂಡು ಉರುಳಿಸಿ ಆಡುವ ಬೌಲಿಂಗ್ ಮನೆ ಮುಚ್ಚಿದಾಗ ಅದರ ಮೇಪಲ್ ಹಲಗೆಯ ಒಂದು ತುಂಡನ್ನು ಹೊತ್ತು ತಂದು ಮೇಜು ಮಾಡಿಕೊಂಡಿದ್ದ. ಹಸಿರು ಬಣ್ಣದ ಪ್ರೆಸ್ಸನ್ನು ನಾಲ್ಕು ಬೋಲ್ಟುಗಳಿಂದ ಅದಕ್ಕೆ ಬಿಗಿದಿದ್ದ.

ಅವನಿಗೆ ಎರಡು ನಿಯಮಗಳಿದ್ದವು. ತುಂಬಿದ ಪ್ರತಿ ಡಬ್ಬಿಯ ಮೇಲೂ ಚೀಟಿ ಇರಬೇಕು: ಯಾವ ಮದ್ದು, ಎಷ್ಟು ತೂಕ, ಯಾವ ದಿನ. ಇನ್ನೊಬ್ಬನು ತುಂಬಿದ ತೋಟೆಯನ್ನು ಎಂದೂ ಹಾರಿಸಬಾರದು. "ಹಲ್ಲುಜ್ಜೋ ಬ್ರಷ್ಷು, ತೋಟೆ, ಇವೆರಡು ಇನ್ನೊಬ್ಬರದು ಮುಟ್ಟಬಾರದು" ಎನ್ನುತ್ತಿದ್ದ. ಸತ್ತ ಗೆಳೆಯನ ಹೆಂಡತಿ ಪ್ರೀತಿಯಿಂದ ಕೊಟ್ಟ ತೋಟೆಗಳನ್ನು ಕೂಡ ತಲೆ ಬಾಗಿಸಿ ತೆಗೆದುಕೊಂಡು, ಮನೆಗೆ ತಂದು, ಒಂದೊಂದನ್ನೇ ಬಿಚ್ಚಿ ಹಾಕಿದ್ದ.

ಅವನ ತಲೆಯೊಳಗೆ ಸಣ್ಣ ಸಣ್ಣ ರಕ್ತನಾಳಗಳು ಕಟ್ಟಿಕೊಂಡಿವೆ, ಮರೆವು ಅದರಿಂದಲೇ ಎಂದು ಕಳೆದ ಬೇಸಿಗೆಯಲ್ಲಿ ಡಾಕ್ಟರು ಹೇಳಿದರು. ಅಕ್ಟೋಬರ್‌ನಲ್ಲಿ, ಊರಾಚೆಯ ಜಲ್ಲಿ ಗುಂಡಿಯಲ್ಲಿ ಗುರಿ ಹೊಡೆಯುತ್ತಿದ್ದಾಗ ಅವನ ರಿವಾಲ್ವರ್ ಕೈಯಲ್ಲೇ ಸಿಡಿಯಿತು. ತೋಟೆ ಕೂರುವ ಸಿಲಿಂಡರ್ ಬಾಯಿ ಬಿಟ್ಟಿತ್ತು, ಅದರ ಮೇಲಿನ ಪಟ್ಟಿ ಬಿಲ್ಲಿನಂತೆ ಬಾಗಿತ್ತು. ಬೆರಳುಗಳು ಉಳಿದದ್ದು ಅದೃಷ್ಟ. "ಹಳೇ ಕಬ್ಬಿಣ, ಸೋತುಹೋಯ್ತು" ಎಂದ ಲೈಲ್. ಆರ್ಲಿಸ್ ಅದನ್ನು ನಂಬಲಿಲ್ಲ. ಗಂಡನ ಪಕ್ಕದಲ್ಲಿ ಕೂತು ಅವಳೂ ಸಾಕಷ್ಟು ತೋಟೆ ತುಂಬಿದ್ದಳು. ಆ ರಿವಾಲ್ವರಿನ ಚಿಪ್ಪಿನಲ್ಲಿ ಮದ್ದು ಮೂರನೇ ಒಂದು ಭಾಗವನ್ನೂ ತುಂಬುವುದಿಲ್ಲ. ಮರೆತು ಎರಡನೇ ಸಲ ಸುರಿದರೂ ಉಕ್ಕುವುದಿಲ್ಲ, ಗುಂಡು ಸಲೀಸಾಗಿ ಕೂರುತ್ತದೆ. ಬಗ್ಗಿ ಒಳಗೆ ನೋಡಿದವನಿಗೆ ಮಾತ್ರ ಗೊತ್ತಾಗುತ್ತದೆ.

ಅಂದೇ ಸಂಜೆ ಅವಳು ಮದ್ದು, ಕೇಪು ಎಲ್ಲವನ್ನೂ ಬಾವಿಯ ಪಂಪಿನ ಕೋಣೆಗೆ ಸಾಗಿಸಿ ಬೀಗ ಹಾಕಿದಳು. ಮದ್ದು ಎಲ್ಲಿ ಎಂದು ಅವನು ಕೇಳಲಿಲ್ಲ. ಕೆಳಗಿಳಿದು, ಪ್ರೆಸ್ಸಿಗೆ ಎಣ್ಣೆ ಬಿಟ್ಟು, ಒರೆಸಿ, ಹಿಡಿ ಎಳೆಯತೊಡಗಿದ. ಮೇಲಿದ್ದಾಗ ದಿನವಿಡೀ ಏನನ್ನೋ ಹುಡುಕುತ್ತಿರುತ್ತಿದ್ದ: ಕನ್ನಡಕ, ಟೊಪ್ಪಿ, ಬಾಯಿಗೆ ಬಾರದ ಒಂದು ಹೆಸರು. ಕೆಳಗಿದ್ದಾಗ ಮಾತ್ರ ಏನನ್ನೂ ಹುಡುಕುತ್ತಿರಲಿಲ್ಲ. ಆ ಟೊಕ್ ಟೊಕ್ ಕೇಳುತ್ತಿರುವಷ್ಟು ಹೊತ್ತು ಅವಳೂ ಕುರ್ಚಿಯಲ್ಲಿ ಕಣ್ಣು ಮುಚ್ಚಬಹುದಿತ್ತು. ಅವಳಿಗಿದ್ದ ವಿಶ್ರಾಂತಿ ಅದೊಂದೇ.

ಹೀಗೇ ನಡೆಯಬಹುದಿತ್ತು. ಆದರೆ ಹೋದ ವಾರ ಅಂಚೆಯವಳು ಬಂದಾಗ ಲೈಲ್ ಬಾಗಿಲಲ್ಲೇ ನಿಂತು, "ಲೂಯಿಸ್‌ಟೌನ್ ಕಡೆ ಹೋದ್ರೆ ಒಂದು ಡಬ್ಬಿ ಮದ್ದು, ಒಂದು ಪೆಟ್ಟಿಗೆ ಕೇಪು ತಂದುಕೊಡ್ತೀಯಾ ಮಗಳೇ" ಎಂದು ಕೇಳುತ್ತಿದ್ದ. ಆ ಹುಡುಗಿ ಆಗಲಿ ಎನ್ನುವಷ್ಟರಲ್ಲಿ ಆರ್ಲಿಸ್ ಬಂದು ತಡೆದಳು. ಎಲ್ಲರನ್ನೂ ಎಷ್ಟು ದಿನ ತಡೆಯಲಾದೀತು? ಅಂದೇ ಪಶು ಆಹಾರದ ಅಂಗಡಿಯ ಹಲಗೆಗೆ, ಪ್ರೆಸ್ಸು ಮಾರಾಟಕ್ಕಿದೆ ಎಂದು ಒಂದು ಕಾಗದ ಅಂಟಿಸಿ ಬಂದಳು. ಸಂಜೆಯೇ ವೇಡ್ ಎಂಬವನ ಫೋನು ಬಂತು.

ಲೈಲ್‌ಗೆ ಹೇಳದೆ ಮಾರಲು ಅವಳಿಗೆ ಮನಸ್ಸಾಗಲಿಲ್ಲ. ಮೂರು ಸಲ ಹೇಳಿದಳು. ಮೂರು ಸಲವೂ ಅವನು ಮೊದಲು ಸಿಟ್ಟಾದ, ಆಮೇಲೆ ಮಂಕಾದ, ಕೊನೆಗೆ "ಆಯ್ತು ಬಿಡು" ಎಂದ. ಮೂರು ಸಲವೂ ಮಧ್ಯಾಹ್ನದೊಳಗೆ ಮರೆತ. ಪ್ರತಿ ಸಲವೂ ಅವನಿಗೆ ಅದು ಮೊದಲ ಪೆಟ್ಟು. ಹೊಡೆಯುವವಳಿಗೆ ಮಾತ್ರ ಲೆಕ್ಕ ನೆನಪಿರುತ್ತಿತ್ತು.

ವೇಡ್ ಬಂದಾಗ ಲೈಲ್ ಊಟ ಮುಗಿಸಿ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ. ವೇಡ್ ಕೌಂಟಿಯ ಮಣ್ಣು ರಸ್ತೆಗಳನ್ನು ಸಮ ಮಾಡುವ ಗ್ರೇಡರ್ ಓಡಿಸುವವನು. ವಯಸ್ಸು ಮೂವತ್ತೈದರ ಆಸುಪಾಸು. ಕೆಸರಿನ ಬೂಟುಗಳನ್ನು ಬಾಗಿಲಲ್ಲೇ ಬಿಟ್ಟ. ಒಂದು ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು.

"ನಿದ್ದೇಲಿರೋವಾಗ ಬಿಚ್ಚಿಕೊಂಡು ಹೋಗೋದು ಕಳ್ಳತನ ಅನ್ನಿಸುತ್ತೆ ಕಣಮ್ಮ" ಎಂದ ಮೆಲ್ಲಗೆ.

"ಒಪ್ಪಿದಾರೆ. ಬೆಳಿಗ್ಗೆನೂ ಒಪ್ಪಿದಾರೆ. ನೀನು ಬಿಚ್ಚು."

ಇಬ್ಬರೂ ನೆಲಮಾಳಿಗೆಗೆ ಇಳಿದರು. ಮೊದಲ ಬೋಲ್ಟು ಸ್ಪ್ಯಾನರಿಗೆ ಸಿಕ್ಕಿ ಕೀರಲು ದನಿಯಲ್ಲಿ ಕಿರುಚಿತು. ಎರಡನೆಯದೂ ಕಿರುಚಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು.

"ಯಾರೋ ಅದು, ನನ್ನ ಮೇಜಿನ ಹತ್ರ?"

"ವೇಡ್ ಅಂತ, ಲೈಲ್. ಬೆಳಿಗ್ಗೆ ಹೇಳಿದ್ನಲ್ಲ."

"ನನಗೆ ಯಾರೂ ಏನೂ ಹೇಳಿಲ್ಲ."

ವೇಡ್ ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡ. "ಇನ್ನೊಂದು ದಿನ ಬರ್ತೀನಿ ಬಿಡಿ."

"ಇನ್ನೊಂದು ದಿನಾನೂ ಇದೇ ಆಗೋದು" ಎಂದಳು ಆರ್ಲಿಸ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೆ ಬೇಕಾದ ಕಸುವೂ ಇರಲಿಲ್ಲ. ಮೆಟ್ಟಿಲ ಮೇಲೇ ಕೂತುಬಿಟ್ಟಳು. "ತೋಟೆ ತುಂಬೋದು ಕಲೀಬೇಕಂತೆ ಲೈಲ್. ಪ್ರೆಸ್ಸು ಕೊಂಡ್ಕೊಳ್ಳೋಕೆ ಬಂದಿದಾನೆ."

ಲೈಲ್ ಅವಳನ್ನು ದಾಟಿ ಕೆಳಗಿಳಿದು ವೇಡ್‌ನ ಮುಖವನ್ನೇ ನೋಡಿದ. "ಗ್ರೇಡರ್ ಓಡ್ಸೋನು ನೀನೇ ಅಲ್ವಾ? ನಮ್ಮ ರಸ್ತೇನ ಬಟ್ಟೆ ಒಗೆಯೋ ಹಲಗೆ ಥರ ಉಬ್ಬುತಗ್ಗು ಮಾಡಿಟ್ಟಿದೀಯಲ್ಲೋ. ಹಾಲು ತಗೊಂಡು ಹೊರಟ್ರೆ ಮನೆ ಮುಟ್ಟೋ ಹೊತ್ಗೆ ಬೆಣ್ಣೆ."

"ಕೌಂಟಿಯವ್ರು ಗ್ರೇಡರಿಗೆ ಹೊಸ ಬ್ಲೇಡ್ ಕೊಟ್ಟಿಲ್ಲ ಸ್ವಾಮಿ. ನನ್ನ ತಪ್ಪಲ್ಲ."

"ಕಳ್ಳನ ಮಗನೇ, ಎಲ್ಲಾರೂ ಹಾಗೇ ಹೇಳೋದು." ಲೈಲ್‌ನ ತುಟಿ ಒಂದು ಕಡೆ ನಕ್ಕಿತು. "ಹೇಳು ನೋಡೋಣ. ಮೇಜಿನ ಮೇಲೆ ಎಷ್ಟು ಥರದ ಮದ್ದು ಇಟ್ಕೋಬೇಕು?"

"ಒಂದೇ."

"ಗುಂಡು ಕೂರ್ಸೋಕೆ ಮುಂಚೆ?"

"ಬಗ್ಗಿ, ಬೆಳಕು ಬಿಟ್ಟು, ಪ್ರತಿ ಚಿಪ್ಪಿನೊಳಗೂ ನೋಡ್ಬೇಕು."

"ಎಲ್ಲದರೊಳಗೂನಾ?"

"ಎಲ್ಲದರೊಳಗೂ. ಹೆಂಡತಿ ಊಟಕ್ಕೆ ಕರೆದ್ರೂ."

"ಕಲಿತಿದಾನೆ ಕಣೇ ಇವನು" ಎಂದು ಲೈಲ್ ಹೆಂಡತಿಗೆ ಹೇಳಿದ. ವೇಡ್‌ಗೆ ಗೋಡೆಯ ಮೇಲಿದ್ದದ್ದನ್ನೆಲ್ಲ ತೋರಿಸತೊಡಗಿದ. ತಕ್ಕಡಿ, ಅಚ್ಚುಗಳು, ಚಿಪ್ಪಿನ ಕುತ್ತಿಗೆ ಕತ್ತರಿಸುವ ಪುಟ್ಟ ಯಂತ್ರ. ಒಂದು ಹೆಸರನ್ನೂ ತಡವರಿಸಲಿಲ್ಲ. ಮೆಟ್ಟಿಲ ಮೇಲೆ ಕೂತ ಆರ್ಲಿಸ್‌ಗೆ, ಬೋಲ್ಟುಗಳನ್ನು ಮತ್ತೆ ಬಿಗಿಸಿ ವೇಡ್‌ನನ್ನು ಕಳಿಸಿಬಿಡಲೇ ಅನ್ನಿಸಿತು. ಬೀಗ ಹಾಕಿರುವ ಮದ್ದನ್ನು ಕಾಯುವುದು ಕಷ್ಟವೋ, ಈ ಮನುಷ್ಯನ ಕೈಯಿಂದ ಇದನ್ನು ಕಿತ್ತುಕೊಳ್ಳುವುದು ಕಷ್ಟವೋ? ಎರಡನ್ನೂ ತೂಗುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ವೇಡ್ ಕೆಳಗಿನ ಕಪಾಟಿನಲ್ಲಿದ್ದ ಕಾಫಿ ಡಬ್ಬಿಯೊಂದನ್ನು ಎತ್ತಿ ಅಲ್ಲಾಡಿಸಿದ. "ತುಂಬಿದ ತೋಟೆಗಳು! ಇವೂ ಕೊಡೋದಾ? ಅಂಗಡೀಲಿ ಸಿಗ್ತಾನೇ ಇಲ್ಲ."

"ಕೆಳಗಿಡು" ಎಂದ ಲೈಲ್. "ಚೀಟಿ ಎಲ್ಲಿ?"

ವೇಡ್ ಡಬ್ಬಿಯನ್ನು ಸುತ್ತ ತಿರುಗಿಸಿ ನೋಡಿದ. ಚೀಟಿ ಇರಲಿಲ್ಲ. ಅದರ ಹಿಂದಿದ್ದ ನಾಲ್ಕೈದು ಡಬ್ಬಿಗಳ ಮೇಲೂ ಇರಲಿಲ್ಲ.

"ಯಾರದಿದು, ಆರ್ಲಿಸ್? ಯಾರೋ ತಂದಿಟ್ಟಿದಾರೆ."

"ನಿನ್ನದೇ. ಹೋದ ಬೇಸಿಗೇಲಿ ತುಂಬಿದ್ದು."

"ಚೀಟಿ ಇಲ್ಲದೆ ನಾನು ತುಂಬ್ತೀನಾ?"

ಲೈಲ್ ಮೇಲಿನ ಕಪಾಟಿನಿಂದ ಒಡೆದ ರಿವಾಲ್ವರನ್ನು ಇಳಿಸಿ, ಬಾಯಿಬಿಟ್ಟ ಸಿಲಿಂಡರ್ ಮೇಲೆ ಹೆಬ್ಬೆರಳು ಆಡಿಸಿದ. ಐದು ತಿಂಗಳಿಂದ ಒರೆಸಿ ಒರೆಸಿ ಇಡುತ್ತಿದ್ದ. ಈಗ ಮೊದಲ ಸಲ ನೋಡುತ್ತಿರುವವನಂತೆ ನೋಡಿದ.

ವೇಡ್‌ಗೆ ಒಂದು ಉಪಾಯ ಹೊಳೆಯಿತು. "ಒಂದೊಂದಾಗಿ ತಕ್ಕಡೀಲಿ ಇಟ್ಟು ನೋಡಿದ್ರೆ ಗೊತ್ತಾಗಲ್ವಾ ಸ್ವಾಮಿ? ಮದ್ದು ಜಾಸ್ತಿ ಇದ್ದದ್ದು ಭಾರ ಇರುತ್ತಲ್ಲ."

"ಗೊತ್ತಾಗಲ್ಲ. ಒಂದು ಚಿಪ್ಪಿಗೂ ಇನ್ನೊಂದು ಚಿಪ್ಪಿಗೂ ಇರೋ ತೂಕದ ವ್ಯತ್ಯಾಸ ಒಳಗಿನ ಮದ್ದಿಗಿಂತ ಜಾಸ್ತಿ. ತಕ್ಕಡಿ ಸುಳ್ಳು ಹೇಳುತ್ತೆ. ಬಿಚ್ಚೇ ನೋಡ್ಬೇಕು."

ಅವನು ಗೋಡೆಯಿಂದ ಪ್ಲಾಸ್ಟಿಕ್ ಸುತ್ತಿಗೆಯೊಂದನ್ನು ತೆಗೆದ. ಅದರ ತಲೆ ಟೊಳ್ಳು. ತೋಟೆಯನ್ನು ಅದರೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ, ಬಡಿತದ ರಭಸಕ್ಕೆ ಗುಂಡು ಕಳಚಿ ಮದ್ದಿನ ಸಮೇತ ಒಳಗೆ ಬೀಳುತ್ತದೆ. ಮೂರು ಸಲ ಬಡಿದಾಗ ಮೊದಲನೆಯದು ಬಿಚ್ಚಿಕೊಂಡಿತು. ಮದ್ದನ್ನು ತಟ್ಟೆಗೆ ಸುರಿದ. ಸರಿಯಾಗಿತ್ತು. ಎರಡನೆಯದೂ ಸರಿಯಾಗಿತ್ತು. ಮೂರನೆಯದರಲ್ಲಿ ಮದ್ದೇ ಇರಲಿಲ್ಲ. ಆಮೇಲಿನ ಹಲವು ಸರಿಯಾಗಿದ್ದವು. ವೇಡ್ ಆಗಲೇ ನಿಟ್ಟುಸಿರು ಬಿಟ್ಟಿದ್ದ; ಆಗ ಒಂದರಿಂದ ತಟ್ಟೆಗೆ ಬಿದ್ದ ಕಪ್ಪು ರಾಶಿ ಉಳಿದವುಗಳ ಎರಡರಷ್ಟಿತ್ತು.

ಲೈಲ್ ಸುತ್ತಿಗೆ ಕೆಳಗಿಟ್ಟ.

"ಕೋವಿದು ತಪ್ಪಲ್ಲ" ಎಂದ.

"ಅಲ್ಲ" ಎಂದಳು ಆರ್ಲಿಸ್.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಇನ್ನೊಬ್ಬ ತುಂಬಿದ ತೋಟೆ ನಾನು ಹಾರ್ಸಲ್ಲ" ಎಂದ ಲೈಲ್, ಡಬ್ಬಿಗಳ ಕಡೆ ಕೈ ತೋರಿಸಿ. "ಇವನ್ನ ತುಂಬಿದೋನು ಯಾರೋ ನನಗೆ ಗೊತ್ತಿಲ್ಲ. ನಂಬೋ ಹಾಗಿಲ್ಲ ಅವನನ್ನ." ವೇಡ್ ಕಡೆ ತಿರುಗಿದ. "ಬಿಚ್ಚೋ. ಇನ್ನೆರಡು ಬೋಲ್ಟು ಇದೆ ನೋಡು. ಎಡಗಡೇದು ಬಿಗಿ, ಎಣ್ಣೆ ಬಿಡು ಮೊದ್ಲು. ತಕ್ಕಡಿ, ಅಚ್ಚು ಎಲ್ಲಾ ತಗೊಂಡೋಗು. ಸುತ್ತಿಗೆ ಮಾತ್ರ ಕೊಡಲ್ಲ. ಡಬ್ಬಿಗಳೂ ಇಲ್ಲೇ ಇರ್ಲಿ. ಇದನ್ನೆಲ್ಲ ಬಿಚ್ಚಿ ಹಾಕೋದು ನನ್ನ ಕೆಲಸ."

ಇಬ್ಬರೂ ಸೇರಿ ಪ್ರೆಸ್ಸನ್ನು ಹೊತ್ತು ಮೆಟ್ಟಿಲೇರಿದರು. ಲೈಲ್‌ನದೇ ಹಟ, ಮುಂದಿನ ತುದಿ ತಾನೇ ಹಿಡಿಯಬೇಕೆಂದು. ಆರ್ಲಿಸ್ ಜಿಂಕೆ ಮಾಂಸದ ಸಾಸೇಜು ಒಂದು ಸುರುಳಿ ಕಾಗದದಲ್ಲಿ ಸುತ್ತಿ ವೇಡ್‌ನ ಕೈಗಿಟ್ಟಳು. ಟ್ರಕ್ಕು ಕೆಸರಿನಲ್ಲಿ ಕುಲುಕುತ್ತ ಹೋಗುವುದನ್ನು ಲೈಲ್ ಕಿಟಕಿಯಲ್ಲಿ ನಿಂತು ನೋಡಿದ. "ನಮ್ಮ ಪ್ರೆಸ್ಸು ಬೆಣ್ಣೆ ಆಗದೇ ಇದ್ರೆ ಸಾಕು" ಎಂದ. ಇಬ್ಬರೂ ನಕ್ಕರು. ಅವಳಿಗೆ ಕಣ್ಣೀರು ಬಂತು, ಒರೆಸಿಕೊಂಡಳು.

ಮಾರನೆಯ ಬೆಳಿಗ್ಗೆ ಅವನು ಎಂದಿನಂತೆ ಕೆಳಗಿಳಿದ. ಆರ್ಲಿಸ್ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಕಿರುಗುಟ್ಟು ಇಲ್ಲ, ಟೊಕ್ ಇಲ್ಲ. ಈಗ ಕೂಗುತ್ತಾನೆ, ಮತ್ತೊಂದು ಸಲ ಹೇಳಬೇಕು ಎಂದುಕೊಂಡು ಕೈ ಒರೆಸಿಕೊಂಡು ಹೊರಟಳು. ಅವಳು ಮೆಟ್ಟಿಲು ಮುಟ್ಟುವಷ್ಟರಲ್ಲಿ ಅವನೇ ತಲೆಯೆತ್ತಿ ನಿಂತಿದ್ದ.

"ಪ್ರೆಸ್ಸು ಎಲ್ಲಿ ಆರ್ಲಿಸ್?"

"ಮಾರಿದ್ಯಲ್ಲ. ನೀನೇ."

"ಯಾರಿಗೆ?"

"ಗ್ರೇಡರ್ ಓಡ್ಸೋ ವೇಡ್‌ಗೆ."

ಅವನು ಹಲಗೆಯ ಮೇಲಿನ ನಾಲ್ಕು ತೂತುಗಳ ಕಡೆ ತಿರುಗಿ ನೋಡಿದ. ಅವಳು ಮೆಟ್ಟಿಲ ಕಟಕಟೆಯನ್ನು ಬಿಗಿಯಾಗಿ ಹಿಡಿದಿದ್ದಳು.

"ಅವನು ಪ್ರತಿ ಚಿಪ್ಪಿನೊಳಗೂ ನೋಡ್ತಾನಾ?"

"ನೋಡ್ತಾನೆ. ಹೆಂಡತಿ ಊಟಕ್ಕೆ ಕರೆದ್ರೂ."

"ಹಾಗಿದ್ರೆ ಸರಿ" ಎಂದ ಲೈಲ್. ಮೇಜಿನ ಮೇಲೆ ಅವಳೇ ರಾತ್ರಿ ಇಟ್ಟುಹೋಗಿದ್ದ ಡಬ್ಬಿಯನ್ನೂ ಸುತ್ತಿಗೆಯನ್ನೂ ನೋಡಿದ. ಡಬ್ಬಿಯನ್ನು ತಿರುಗಿಸಿದ. "ಚೀಟಿ ಇಲ್ಲದೆ ಇಟ್ಟಿದಾನೆ, ಯಾವನೋ ಅಯೋಗ್ಯ" ಎಂದು ಗೊಣಗಿ ಕುರ್ಚಿ ಎಳೆದುಕೊಂಡ.

ಸುತ್ತಿಗೆ ದಿಮ್ಮಿಗೆ ಬಡಿಯತೊಡಗಿತು. ಆರ್ಲಿಸ್ ಮೇಲೆ ಬಂದು ಕುರ್ಚಿಯಲ್ಲಿ ಕೂತಳು. ಮಧ್ಯಾಹ್ನ ಅವನು ಒಂದು ಲೋಟ ಮದ್ದು ತಂದು ಏನು ಮಾಡಲಿ ಎಂದು ಕೇಳುತ್ತಾನೆ. ಅದನ್ನು ಲೈಲಾಕ್ ಹೂಗಿಡದ ಬುಡಕ್ಕೆ ತೆಳ್ಳಗೆ ಉದುರಿಸಿದರಾಯಿತು. ಹಿಂದೆಯೂ ಹಾಗೇ ಮಾಡುತ್ತಿದ್ದರು, ಗೊಬ್ಬರವಾಗುತ್ತದೆ ಎಂದು. ಡಬ್ಬಿಗಳು ಬೇಸಿಗೆಯವರೆಗೆ ಸಾಕಾಗಬಹುದು. ಆಮೇಲಿನದನ್ನು ಅವಳು ಯೋಚಿಸಲಿಲ್ಲ. ಕಣ್ಣು ಮುಚ್ಚಿದಳು.