ಹಳೇ ಐಸ್ ಕಾರ್ಖಾನೆಯಿಂದ ಇನ್ನೂರು ಮೀಟರ್

"ಅತ್ತೆ, ವಿಳಾಸ ಹೇಳಿ" ಅಂದಳು ಯೊರ್ಲೆನಿ, ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ.

"ಹಳೇ ಐಸ್ ಕಾರ್ಖಾನೆಯಿಂದ ಪೂರ್ವಕ್ಕೆ ಇನ್ನೂರು ಮೀಟರ್. ಹಸಿರು ಗೇಟು" ಅಂದಳು ಮಾಯೆಲಾ, ಬೇಳೆ ತೊಳೆಯುತ್ತಲೇ.

ಪುಂತರೇನಾಸ್‌ನಲ್ಲಿ ಇದಕ್ಕಿಂತ ಒಳ್ಳೆಯ ವಿಳಾಸ ಯಾರ ಹತ್ತಿರವೂ ಇಲ್ಲ ಬಿಡಿ. ಮನೆಗೆ ನಂಬರ್ ಇದ್ದರೆ ತಾನೇ ಹೇಳೋದು? ಒಂದು ಗುರುತು ಹೇಳು, ಅಲ್ಲಿಂದ ಮೀಟರ್ ಹೇಳು, ಮುಗೀತು. ಗುರುತು ಕಣ್ಣಿಗೆ ಕಾಣಬೇಕು ಅಂತೇನೂ ಇಲ್ಲ. ಐಸ್ ಕಾರ್ಖಾನೆ ಕೆಡವಿ ಒಂದು ತಲೆಮಾರು ಕಳೆದಿದೆ, ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಆದರೂ ಅರ್ಧ ಊರಿನ ವಿಳಾಸ ಅಲ್ಲಿಂದಲೇ ಶುರು. ಇನ್ನು ಮೀಟರೋ, ಯಾವನೂ ಅಳೆದದ್ದಲ್ಲ. ಒಂದು ಕ್ರಾಸಿಂದ ಇನ್ನೊಂದು ಕ್ರಾಸಿಗೆ ನೂರು ಮೀಟರ್, ಅಷ್ಟೇ. ಕ್ರಾಸು ಉದ್ದವಿದ್ದರೂ ನೂರು, ಗಿಡ್ಡವಿದ್ದರೂ ನೂರು.

"ನಕ್ಷೆ ಮೇಲೆ ಒಂದು ಚುಕ್ಕಿ ಇಟ್ಟುಬಿಡೋಣ ಅತ್ತೆ."

"ಚುಕ್ಕಿ! ಬಾಡಿಗೆ ಕೋಣೆ ತೋರಿಸೋ ಆ ದೊಡ್ಡ ವೆಬ್ ಸೈಟಿನವರು ಇಟ್ಟ ಚುಕ್ಕಿ ನಂಬಿ ಬಂದೋರು ಅಳಿವೆ ಕೆಸರಲ್ಲಿ ಮೊಣಕಾಲುದ್ದ ಹೂತುಹೋಗಿದ್ದು ಮರೆತುಹೋಯ್ತಾ? ನಾನು ಹೇಳಿದ್ದು ಬರಿ. ವಿಳಾಸ ಅಂದ್ಮೇಲೆ ವಿಳಾಸದ ಹಾಗಿರಬೇಕು."

ಯೊರ್ಲೆನಿ ಬರೆದಳು. ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು, ಹಟಮಾರಿಗಳ ಜೊತೆ ಎಲ್ಲಿ ಸೋಲಬೇಕು ಅನ್ನೋದು ಅವಳಿಗೆ ಗೊತ್ತಿತ್ತು. ಫೋಟೋದ ವಿಷಯಕ್ಕೂ ಹೀಗೇ ಆಗಿತ್ತು. ಮಹಡಿಯ ಎರಡು ಕೋಣೆ, ಬಿಳಿ ಹೊದಿಕೆ, ಅಳಿವೆ ಕಡೆಯ ವರಾಂಡ, ಎಲ್ಲ ಚೆಂದವಾಗಿ ಬಂದಿತ್ತು. ಮೊದಲ ಪುಟಕ್ಕೆ ಮನೆಯ ಮುಂಭಾಗ ತೆಗೆಯಲು ಹೋದರೆ ಮಾಯೆಲಾ ಏಪ್ರನ್ ಸಮೇತ ಬಾಗಿಲಿಗೆ ಬಂದು ನಿಂತಳು.

"ಅತ್ತೆ, ಇದು ಮನೆ ಫೋಟೋ. ನಿಮ್ಮದಲ್ಲ."

"ನಾನಿಲ್ಲದ ಮನೆಗೆ ಯಾಕಮ್ಮ ಬರ್ತಾರೆ? ತೆಗಿ, ತೆಗಿ."

ಆ ಮಾತು ಹಟದ್ದಲ್ಲ, ಹೆದರಿಕೆಯದು. ಮನೆ ಅಪ್ಪ ಬಿಟ್ಟುಹೋದದ್ದು, ಅರ್ಧ ಅವಳದು, ಅರ್ಧ ತಮ್ಮ ರಿಗೋನದು. ಯೊರ್ಲೆನಿಯ ಅಪ್ಪ ಈ ರಿಗೋ. ದೊಡ್ಡ ಸೈಟಿನಲ್ಲಿ ಇವರ ಕೋಣೆಗಳು ಹಿಂದಿನ ಪುಟಕ್ಕೆ ಜಾರಿ ಜಾರಿ ಕೊನೆಗೆ ಯಾರ ಕಣ್ಣಿಗೂ ಬೀಳದ ಹಾಗಾದಾಗ, ರಿಗೋ ರಾಜಧಾನಿ ಸಾನ್ ಹೋಸೆಯ ಒಂದು ಕಂಪನಿಯನ್ನು ಹುಡುಕಿಕೊಂಡು ಬಂದಿದ್ದ. ಅವರು ಇಡೀ ಮನೆ ನಡೆಸುತ್ತಾರಂತೆ. ಗೇಟಿಗೆ ನಂಬರ್ ಒತ್ತಿದರೆ ತೆರೆಯುವ ಕೀಲಿ ಡಬ್ಬಿ. ಬಂದವರು ಯಾರ ಮುಖವನ್ನೂ ನೋಡಬೇಕಿಲ್ಲ. ಮಾಯೆಲಾ ಎಸ್ಪಾರ್ಸಾದಲ್ಲಿ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಆರಾಮವಾಗಿ ಇರಬಹುದು.

ಆರಾಮವಂತೆ! ಗಂಡ ಸತ್ತಮೇಲೆ ಅವಳನ್ನು ಎಬ್ಬಿಸಿ ಕೂರಿಸಿದ್ದೇ ಮೆಟ್ಟಿಲ ಮೇಲಿನ ಪರದೇಶದ ಅತಿಥಿಗಳ ಹೆಜ್ಜೆಗಳು. ಯಾರಿಗಾದರೂ ಕಾಫಿ ಸೋಸಿ ಕೊಡದೆ, ದೋಣಿ ಎಷ್ಟು ಹೊತ್ತಿಗೆ ಅಂತ ಹೇಳದೆ, ಅವಳಿಗೆ ಬೆಳಗಾಯಿತು ಅಂತಲೇ ಅನ್ನಿಸುತ್ತಿರಲಿಲ್ಲ.

"ಈ ಊರು ನನಗೆ ಗೊತ್ತಿಲ್ವಾ ರಿಗೋ?" ಅಂದಿದ್ದಳು. "ಇಲ್ಲಿ ಹೋದದ್ದೆಲ್ಲ ಬರೀ ಗುರುತಾಗುತ್ತೆ. ನೀನು ಆ ಡಬ್ಬಿ ಹಾಕಿಸು, ಮುಂದಿನ ವರ್ಷ ನಾನೂ ಐಸ್ ಕಾರ್ಖಾನೆ ಸಾಲಿಗೆ ಸೇರ್ತೀನಿ."

ರಿಗೋ ಕೆಟ್ಟವನಲ್ಲ, ಆದರೆ ಲೆಕ್ಕದ ಮನುಷ್ಯ. "ಆಯ್ತಕ್ಕ. ನೀನು, ನಿನ್ನ ಸೊಸೆ ಸೇರಿ ಸ್ವಂತ ಸೈಟ್ ಮಾಡ್ಕೊಳ್ಳಿ. ಈಸ್ಟರ್ ಹಬ್ಬದ ಪವಿತ್ರ ವಾರ ಮುಗಿಯೋದರೊಳಗೆ ಅದರಿಂದ ಒಬ್ಬರಾದರೂ ಬಂದು ಉಳಿದರೆ ನಾನು ಈ ಮಾತು ಎತ್ತೋದಿಲ್ಲ. ಇಲ್ಲದಿದ್ದರೆ ನೀನು ಗೊಣಗಬಾರದು."

ಸೈಟು ತೆರೆಯಿತು. ವಾರಗಟ್ಟಲೆ ನೊಣವೂ ಇಣುಕಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಡೆನ್ಮಾರ್ಕಿನಿಂದ ಒಂದು ಪ್ರಶ್ನೆ: ದುಡ್ಡು ಕಳಿಸುವ ಮುಂಚೆ ಕೇಳುತ್ತೇವೆ, ಈ ಮನೆ ನಿಜವಾಗಿ ಇದೆಯಾ? ಯೊರ್ಲೆನಿ ಠಾಕುಠೀಕಾಗಿ ಉತ್ತರ ಬರೆಯಲು ಹೊರಟರೆ ಮಾಯೆಲಾ ತಡೆದಳು. "ಬರಿ: ಮನೆ ಇದೆ, ನಾನೂ ಇದ್ದೀನಿ. ಮೀನು ತಿನ್ನುತ್ತೀರಾ?" ತಿನ್ನುತ್ತೇವೆ ಅಂತ ಉತ್ತರ ಬಂತು. ಹಿಂದೆಯೇ ಮುಂಗಡವೂ ಬಂತು. ಪವಿತ್ರ ವಾರದ ಬುಧವಾರ ಮಧ್ಯಾಹ್ನ ಬರುತ್ತಾರೆ, ಗಂಡ ಹೆಂಡತಿ, ಪ್ರೆಬೆನ್ ಮತ್ತು ಕಿರ್ಸ್ತೆನ್.

ಆ ಬುಧವಾರ ಮಾಯೆಲಾ ಬೆಲ್ಲದಲ್ಲಿ ಬೇಯಿಸಿದ ಚಿವೆರ್ರೆ ಕುಂಬಳ ತುಂಬಿ ಎಂಪನಾದ ಕಡುಬು ಮಾಡಿ ಬಟ್ಟೆ ಮುಚ್ಚಿಟ್ಟಳು. ಮೀನಿಗೆ ನಿಂಬೆ ಹಿಂಡಿಟ್ಟಳು. ರಿಗೋ ಎಸ್ಪಾರ್ಸಾದಿಂದ ಇಳಿದು ಬಂದು ತೂಗುಕುರ್ಚಿಯಲ್ಲಿ ಕೂತಿದ್ದ, ನೋಡೇಬಿಡೋಣ ಅಂತ. ಮಧ್ಯಾಹ್ನದ ಬಸ್ಸು ಬಂತು, ಹೋಯಿತು. ಯಾರೂ ಬರಲಿಲ್ಲ. ಯೊರ್ಲೆನಿ ಫೋನ್ ಮಾಡಿದರೆ ಅವರ ಫೋನಿಗೆ ನಮ್ಮ ಸಿಗ್ನಲ್ಲೇ ಇಲ್ಲ.

"ಬರ್ತಾರೆ" ಅಂದಳು ಮಾಯೆಲಾ.

"ಬರ್ತಾರೆ ಬರ್ತಾರೆ" ಅಂದ ರಿಗೋ, ಒಂದು ಎಂಪನಾದಕ್ಕೆ ಕೈ ಹಾಕುತ್ತಾ.

"ಮುಟ್ಟಬೇಡ! ಅದು ನಿನಗಲ್ಲ."

ಬಿಸಿಲು ಇಳಿಯಿತು. ಮಾಯೆಲಾ ಗೇಟಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಕೊನೆಗೆ ಒಳಗೆ ಬಂದು ಕುರ್ಚಿಯಲ್ಲಿ ಕುಸಿದಳು. ರಿಗೋ ಅಕ್ಕನ ಮುಖ ನೋಡಿ ತೂಗುವುದನ್ನು ನಿಲ್ಲಿಸಿದ. ಗೆದ್ದವನಿಗೆ ಆಗಬೇಕಾದ ಖುಷಿ ಅವನಿಗೆ ಆಗಲಿಲ್ಲ. "ಹಿಂದಿನ ಕೋಣೆಗೆ ಕಿಟಕಿ ಮಾಡಿಸ್ತೀನಕ್ಕ, ದೊಡ್ಡದು" ಅಂದ. ಆ ಮಾತಿಗೆ ಅವಳ ಕಣ್ಣು ತುಂಬಿತು.

ಆಗಲೇ ಗೇಟಿನ ಮುಂದೆ ಕರಿ ಗಾಡಿಯೊಂದು ಬಂದು ನಿಂತಿತು. ಹೆಣ ಸಾಗಿಸುವ ಗಾಡಿ. ರಿಗೋ ಎದ್ದು ಶಿಲುಬೆ ಗುರುತು ಮಾಡಿಕೊಂಡ. ಶವಪೆಟ್ಟಿಗೆ ಅಂಗಡಿಯ ದೋನ್ ಎಲಾದಿಯೋ ಇಳಿದು ಹಿಂದಿನ ಬಾಗಿಲು ತೆಗೆದ. ಒಳಗಿಂದ ಎರಡು ಸೂಟ್‌ಕೇಸು ಇಳಿದವು. ಮುಂದಿನ ಸೀಟಿನಿಂದ ಟೊಮೇಟೊ ಬಣ್ಣಕ್ಕೆ ತಿರುಗಿದ ಇಬ್ಬರು ಮುದುಕರು ಇಳಿದರು.

"ದೋನ್ಯಾ ಮಾಯೆಲಾ, ನಿಮ್ಮ ಸರಕು! ಇಷ್ಟು ವರ್ಷದಲ್ಲಿ ನನ್ನ ಗಾಡಿಯಿಂದ ತಾವಾಗೇ ಇಳಿದೋರು ಇವರೇ ಮೊದಲು!" ಅಂತ ಕೂಗಿದ ಎಲಾದಿಯೋ.

ಆದದ್ದು ಇಷ್ಟು. ಟ್ಯಾಕ್ಸಿಯವನು ಅವರನ್ನು ಕಾರು ನಿಲ್ಲಿಸುವ ಬಯಲಲ್ಲಿ ಇಳಿಸಿ, ಇದೇ ಐಸ್ ಕಾರ್ಖಾನೆ ಅಂದು ಹೋಗಿಬಿಟ್ಟ. ಪ್ರೆಬೆನ್ ಜೀವಮಾನವಿಡೀ ಸರ್ಕಾರಕ್ಕೆ ಜಮೀನು ಅಳೆದ ಮನುಷ್ಯ. ಪೂರ್ವಕ್ಕೆ ಸರಿಯಾಗಿ ಇನ್ನೂರು ಮೀಟರ್ ಅಳೆದ. ಅಳತೆ ಮುಗಿದ ಕಡೆ ಶವಪೆಟ್ಟಿಗೆ ಅಂಗಡಿ! ಆ ಬೀದಿಯ ಕ್ರಾಸುಗಳು ಎಷ್ಟು ಉದ್ದ ಅಂತ ಅವನಿಗೇನು ಗೊತ್ತು ಪಾಪ. ಮತ್ತೆ ಬಯಲಿಗೆ ಹೋಗಿ ಮತ್ತೆ ಅಳೆದ. ಮತ್ತೆ ಶವಪೆಟ್ಟಿಗೆ. ಮೂರನೇ ಸಲಕ್ಕೆ ಎಲಾದಿಯೋಗೆ ತಡೆಯಲಾಗಲಿಲ್ಲ. ಯಾರು ಸತ್ತಿದ್ದಾರೆ ಅಂತ ಕನಿಕರದಿಂದ ಕೇಳಿದ.

ಕಿರ್ಸ್ತೆನ್‌ಗೆ ನಾಲ್ಕು ಮಾತು ಸ್ಪ್ಯಾನಿಷ್ ಬರುತ್ತಿತ್ತು. "ನಾನು ಕಾಗದ ತೋರಿಸಿದೆ. ಸೈಟಿನ ಮೊದಲ ಪುಟ, ಪ್ರಿಂಟ್" ಅಂದಳು ತಡವರಿಸುತ್ತಾ. "ಮನೆ ನೋಡಿದ, ತಲೆ ಅಲ್ಲಾಡಿಸಿದ. ಹಸಿರು ಗೇಟು ತುಂಬಾ ಇವೆ ಅಂದ. ಆಮೇಲೆ ಇದು ನೋಡಿದ." ಅವಳ ಬೆರಳು ಬಾಗಿಲಲ್ಲಿ ಏಪ್ರನ್ ಕಟ್ಟಿ ನಿಂತವಳ ಮೇಲಿತ್ತು. "ಜೋರಾಗಿ ನಕ್ಕ. ಇದು ನಮ್ಮ ಮಾಯೆಲಾ ಅಲ್ವಾ, ಗಾಡಿ ಹತ್ತಿ ಅಂದ."

"ನಾನು ಹೇಳಲಿಲ್ವಾ?" ಅಂದಳು ಮಾಯೆಲಾ ಯೊರ್ಲೆನಿಗೆ, ಮೂಗು ಒರೆಸಿಕೊಳ್ಳುತ್ತಾ.

"ವಿಳಾಸದ ಬಗ್ಗೆನೂ ನೀವೇ ಹೇಳಿದ್ದು ಅತ್ತೆ" ಅಂದಳು ಯೊರ್ಲೆನಿ.

ಮೇಜಿನ ಸುತ್ತ ಎಲ್ಲರೂ ಕೂತರು, ಎಲಾದಿಯೋ ಕೂಡ. ಪ್ರೆಬೆನ್ ಮೂರನೇ ಎಂಪನಾದ ತಿನ್ನುತ್ತಾ ಮೀಟರ್ ಅಂದರೆ ಏನು ಅಂತ ಕೈಸನ್ನೆಯಲ್ಲಿ ಪಾಠ ಮಾಡುತ್ತಿದ್ದ. ಮಾಯೆಲಾ ಕಾಫಿಗೆ ಬಿಸಿನೀರು ಹೊಯ್ಯುತ್ತಾ, ಗೊತ್ತಾಯ್ತಪ್ಪ ಗೊತ್ತಾಯ್ತು ಅನ್ನುತ್ತಿದ್ದಳು. ಅವಳ ನಗು ಅಡಿಗೆಮನೆ ತುಂಬಿತ್ತು.

ರಿಗೋನ ಫೋನ್ ಬಡಿದುಕೊಂಡಿತು. ಸಾನ್ ಹೋಸೆಯ ಕಂಪನಿಯವನು. ಹಬ್ಬ ಮುಗಿದ ಕೂಡಲೇ ಕೀಲಿ ಡಬ್ಬಿ ಹಾಕಲು ಬರುತ್ತೇನೆ, ಮನೆ ಎಲ್ಲಿ ಅಂತ ಸರಿಯಾಗಿ ಹೇಳಿ ಅಂದ. ಮಾಯೆಲಾ ಕೆಟಲು ಹಿಡಿದೇ ನಿಂತಳು.

ರಿಗೋ ಅಕ್ಕನನ್ನು ನೋಡಿದ. ಎಂಪನಾದದ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

"ಬರೆದುಕೊಳ್ಳಿ" ಅಂದ. "ಹಳೇ ಐಸ್ ಕಾರ್ಖಾನೆಯಿಂದ ಪೂರ್ವಕ್ಕೆ ಇನ್ನೂರು ಮೀಟರ್. ಕ್ರಾಸಿನ ಲೆಕ್ಕ ಬೇಡ, ಟೇಪು ಹಿಡಿದು ಅಳೀರಿ. ಅಲ್ಲಿ ಎಲಾದಿಯೋ ಅಂತ ಇದ್ದಾರೆ. ನಿಮ್ಮ ಡಬ್ಬಿ ಅವರಿಗೇ ಕೊಡಿ, ಡಬ್ಬಿ ಮಾರೋದು ಅವರ ಕಸುಬು. ನಮ್ಮನೆ ಬಾಗಿಲು ತೆಗೆಯೋಕೆ ನಮ್ಮಕ್ಕ ಇದ್ದಾಳೆ."