ಹಿಮ್ಮಡಿಯ ಪ್ರವಚನ

ವಿನೋಬನಗರದಲ್ಲಿ ಬೆಳಗ್ಗೆ ಓಡುವ ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಓಡುವವನೂ ಎಲ್ಲರಿಗಿಂತ ಜೋರಾಗಿ ಮಾತಾಡುವವನೂ ನಾನೇ. ಯೂಟ್ಯೂಬಿನಲ್ಲಿ ಸಿಕ್ಕಿದ್ದನ್ನೆಲ್ಲ ನೋಡಿ, ಶೂಗಳಿಗೆ ಹಿಮ್ಮಡಿಯ ಕಡೆ ದಪ್ಪ ಅಟ್ಟೆ ಇಡುವುದೇ ನನ್ನ ಮಂಡಿನೋವಿನ ಮೂಲ ಎಂದು ತೀರ್ಮಾನಿಸಿ, ಗುಂಪಿನವರಿಗೆಲ್ಲ ದಿನಾ ಅದನ್ನೇ ಪ್ರವಚನ ಮಾಡುತ್ತಿದ್ದೆ. ಹಿಮ್ಮಡಿಯೂ ಬೆರಳೂ ಒಂದೇ ಮಟ್ಟದಲ್ಲಿರುವ ಚಪ್ಪಟೆ ಶೂ ತರಿಸಿದೆ. ಹೆಂಡತಿ ಪ್ರಿಯಂವದಾಳಿಗೂ ಅಂಥದ್ದೇ ತರಿಸಿ, ಅವಳ ಹಳೆಯ ದಪ್ಪ ಶೂಗಳನ್ನು ಗುಜರಿಗೆ ಹಾಕಿದೆ.

ಪ್ರಿಯಂವದಾ ಭದ್ರಾವತಿಯವಳು. ಹೈಸ್ಕೂಲಿನಲ್ಲಿ ಚೆನ್ನಾಗಿ ಓಡುತ್ತಿದ್ದವಳು, ಮದುವೆ, ಮಗು, ಆಮೇಲೆ ಆಪರೇಷನ್ ಎಂದು ಓಟ ಬಿಟ್ಟಿದ್ದಳು. ತನ್ನ ಊರಿನಲ್ಲೇ ಹತ್ತು ಕಿಲೋಮೀಟರ್ ಓಟ ಇದೆಯೆಂದು ತಿಳಿದ ಮೇಲೆ ನನಗಿಂತ ಮುಂಚೆ ಏಳತೊಡಗಿದಳು. "ನಮ್ ಸ್ಕೂಲ್ ಮುಂದೇನೇ ಹಾದುಹೋಗುತ್ತೆ ರೀ. ನೀವು ಪಕ್ಕದಲ್ಲಿರ್ಬೇಕು, ನಂಗೊಬ್ಳಿಗೇ ಧೈರ್ಯ ಸಾಲಲ್ಲ" ಎಂದಿದ್ದಳು.

ಹೊಸ ಶೂ ಬಂದ ದಿನವೇ ಅವಳನ್ನೂ ಕರೆದುಕೊಂಡು ಪೂರ್ತಿ ಹತ್ತು ಕಿಲೋಮೀಟರ್ ಓಡಿದೆ. ನನ್ನ ಮಂಡಿನೋವು ನಿಜಕ್ಕೂ ಹೋಯಿತು. ಅದರ ಬದಲು ಹಿಮ್ಮಡಿಯ ಹಿಂದಿನ ನರ ಹಿಡಿದುಕೊಂಡಿತು. ಮಂಚದಿಂದ ಇಳಿದರೆ ಬಚ್ಚಲುಮನೆಯವರೆಗೆ ಗೋಡೆ ಹಿಡಿದೇ ನಡೆಯುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅಷ್ಟೂ ಪ್ರವಚನವನ್ನು ವಾಪಸ್ ತೆಗೆದುಕೊಳ್ಳಬೇಕಿತ್ತು.

ಆಗ ಶನಿವಾರದ ಉಪಾಯ ಹೊಳೆಯಿತು. ಶನಿವಾರ ದೇವಸ್ಥಾನದ ಮುಂದೆ ಚಪ್ಪಲಿ ಕಳೆದುಹೋದರೆ ಶನಿ ಬಿಟ್ಟ ಎಂದು ನಮ್ಮ ಕಡೆ ಸಮಾಧಾನಪಡುತ್ತಾರೆ. ಯಾರಾದರೂ ಕಳ್ಳ ಕೃಪೆ ಮಾಡಿದರೆ ನನ್ನ ಕಾಲೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಸಂಜೆ ವಾಕಿಂಗ್ ನೆಪದಲ್ಲಿ ಇಬ್ಬರೂ ಬಡಾವಣೆಯ ಆಂಜನೇಯನ ಗುಡಿಗೆ ಹೋದೆವು. ಸ್ಟ್ಯಾಂಡಿನಲ್ಲಿ ಇಡದೆ, ಹೋಗಿಬರುವವರು ಎಡವುವಂತೆ ಶೂ ಬಿಟ್ಟೆ. ಅವಳೂ ಪಕ್ಕದಲ್ಲೇ ಬಿಟ್ಟಳು. ಪ್ರದಕ್ಷಿಣೆ ಹಾಕುತ್ತ ನಾನು ಆಂಜನೇಯನಲ್ಲಿ ಬೇಡಿಕೊಂಡದ್ದನ್ನು ಹೇಳಿದರೆ ನೀವು ನಗುತ್ತೀರಿ.

ಹೊರಗೆ ಬಂದರೆ ನನ್ನ ಜೋಡಿ ಬಿಟ್ಟಲ್ಲೇ ಇತ್ತು. ಅವಳದ್ದು ಇರಲಿಲ್ಲ. ನಾನು ಕಳ್ಳನನ್ನು ಬೈಯುವಷ್ಟರಲ್ಲಿ ಪ್ರಿಯಂವದಾ ಮೆಟ್ಟಿಲ ಮೇಲೆ ಕುಳಿತು ಹಿಮ್ಮಡಿ ಒತ್ತಿಕೊಳ್ಳತೊಡಗಿದಳು.

"ಹೋಗ್ಲಿ ಬಿಡಿ. ನಾನೇ ಬೇಡ್ಕೊಂಡಿದ್ದೆ" ಎಂದಳು.

"ಏನಂತ?"

"ಈ ಶೂ ಹೋಗ್ಲಿ ಅಂತ. ಕಾಲು ಊರೋಕಾಗ್ತಿಲ್ಲ ರೀ. ನೀವು ಅಷ್ಟು ಆಸೆಯಿಂದ ತಂದಿದ್ದು, ಹೆಂಗೆ ಹೇಳ್ಲಿ?"

ನನ್ನ ಜಂಭಕ್ಕೆ ನನ್ನ ಕಾಲು ಸಾಲದೆ ಅವಳದ್ದನ್ನೂ ಕೊಟ್ಟಿದ್ದೆ. "ನಂದೂ ಹಂಗೇ ಆಗಿದೆ ಮಾರಾಯ್ತಿ" ಎಂದೆ.

ತೋರಿಸಲು ಹೋದಾಗ ಫಿಸಿಯೋಥೆರಪಿಸ್ಟ್ ಅನುಷಾ ಇಬ್ಬರ ಕಾಲನ್ನೂ ಒತ್ತಿ ನೋಡಿದರು.

"ಶೂ ಕೆಟ್ಟದ್ದಲ್ಲ ಸರ್. ಹಿಮ್ಮಡಿ ತಗ್ಗಿದ್ರೆ ಮಂಡಿ ಮೇಲಿನ ಭಾರ ಕಮ್ಮಿಯಾಗಿ ಮೀನಖಂಡಕ್ಕೆ, ಹಿಂದಿನ ನರಕ್ಕೆ ಜಾಸ್ತಿ ಬೀಳುತ್ತೆ. ಅದು ಒಗ್ಗೋಕೆ ತಿಂಗಳುಗಟ್ಟಲೆ ಬೇಕು. ನೀವು ಒಂದೇ ದಿನಕ್ಕೆ ಬದಲಾಯಿಸಿಬಿಟ್ಟಿದ್ದೀರಿ." ಆಮೇಲೆ ಪ್ರಿಯಂವದಾಳ ಕಡೆ ತಿರುಗಿ, "ಈ ಸಲ ಓಡ್ಬೇಡಿ ಮೇಡಂ" ಎಂದರು.

ಅವಳು ತಲೆಯಾಡಿಸಿದಳು, ಅಷ್ಟೇ. ಮನೆಗೆ ಹೋಗುವ ದಾರಿಯಲ್ಲಾದರೂ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಓಟದ ದಿನ ಭದ್ರಾವತಿಗೆ ಹೋಗೋಣ ಎಂದವಳೂ ಅವಳೇ. ಅವಳು ಓದಿದ ಶಾಲೆಯ ಮುಂದೆ ರಸ್ತೆಯ ಅಂಚಿನಲ್ಲಿ ನಿಂತೆವು. ಓಡುವವರು ಬರತೊಡಗಿದರು. ಹಾಳು ಚಾಳಿ, "ನೋಡು, ಆ ಹುಡುಗಿ ಹಿಮ್ಮಡಿ ಹೆಂಗೆ ಊರ್ತಾಳೆ" ಎಂದು ಶುರುಮಾಡಿ ಪಕ್ಕಕ್ಕೆ ತಿರುಗಿದೆ.

ಪ್ರಿಯಂವದಾ ಅಳುತ್ತಿದ್ದಳು. ನಾನು ಬಾಯಿ ಮುಚ್ಚಿದೆ.