ಮೂರು ಕಂಪ್ಯೂಟರಿಗೆ ಒಂದೇ ಡಿಸ್ಕು

ಮಲ್ಲೇಶ್ವರದ ಛತ್ರದಲ್ಲಿ ನೆಂಟರ ಮದುವೆ. ಧಾರೆಯ ಹೊತ್ತಿಗೆ ಎದ್ದು ನಿಂತ ಪ್ರೇಮಲತಾ ಮಂಟಪವನ್ನು ಸರಿಯಾಗಿ ನೋಡಿದ್ದೇ ಆಗ. ಕೈಯಲ್ಲಿದ್ದ ಅಕ್ಷತೆ ಕೈಯಲ್ಲೇ ಉಳಿಯಿತು. ಕಂಬಗಳಿಗೆ ವೀಳ್ಯದೆಲೆಯನ್ನು ಒಂದರ ಮೇಲೊಂದು ಹೆಂಚಿನಂತೆ ಜೋಡಿಸಿ, ನಡುವೆ ಸುಗಂಧರಾಜದ ಎಳೆಗಳನ್ನು ಇಳಿಬಿಟ್ಟಿದ್ದರು. ಅದು ಅವಳೇ ಬರೆದ ಚಿತ್ರ. ಇನ್ನೂ ಯಾವ ಗಿರಾಕಿಗೂ ತೋರಿಸಿರಲಿಲ್ಲ.

ಅವಳೂ ಗಂಡ ಶಿವಶಂಕರನೂ ಚಾಮರಾಜಪೇಟೆಯಲ್ಲಿದ್ದುಕೊಂಡು ಮದುವೆ ಮಂಟಪಗಳಿಗೆ ಹೂವಿನ ಅಲಂಕಾರ ಮಾಡಿಸುತ್ತಿದ್ದರು. ಮಾರ್ಕೆಟ್ಟಿನಿಂದ ಹೂ ತರುವುದು, ಕಟ್ಟಿಸುವುದು ಅವನ ಪಾಲು. ಕಂಪ್ಯೂಟರಿನಲ್ಲಿ ಮಂಟಪ ಬರೆಯುವುದು ಅವಳದು. ಮಹಡಿಯ ಮೇಲೆ ಮೈದುನ ಮುನಿಕೃಷ್ಣ, ಅವನ ಹೆಂಡತಿ ರಮ್ಯಾ. ಅವರಿಗೂ ಒಂದೊಂದು ಕಂಪ್ಯೂಟರ್. ಹಿಂದಿನ ಬೇಸಿಗೆಯಲ್ಲಿ ಕರೆಂಟು ಏರುಪೇರಾಗಿ ಪ್ರೇಮಲತಾಳ ಕಂಪ್ಯೂಟರ್ ಸುಟ್ಟು, ಅಷ್ಟೂ ಚಿತ್ರಗಳು ಹೋಗಿದ್ದವು. ಅವಳು ಊಟ ಬಿಟ್ಟು ಅತ್ತದ್ದನ್ನು ನೋಡಿ ರಮ್ಯಾ ಎಸ್.ಪಿ. ರೋಡಿನಿಂದ ಒಂದು ಹಾರ್ಡ್‌ಡಿಸ್ಕ್ ತಂದಳು. ಪ್ರತಿ ಭಾನುವಾರ ಅದನ್ನು ಮೂರೂ ಕಂಪ್ಯೂಟರಿಗೆ ಒಂದೊಂದಾಗಿ ಚುಚ್ಚಿ, ಎಲ್ಲರ ಚಿತ್ರ, ಫೋಟೋಗಳ ಇನ್ನೊಂದು ಪ್ರತಿಯನ್ನು ಅವರವರ ಹೆಸರಿನ ಫೋಲ್ಡರಿಗೆ ತುಂಬುತ್ತಿದ್ದಳು. ಉಳಿದ ದಿನ ಡಿಸ್ಕು ಕೆಳಗಿನ ಪಡಸಾಲೆಯ ಶೋಕೇಸಿನಲ್ಲಿರುತ್ತಿತ್ತು.

ರಮ್ಯಾಳ ಅಣ್ಣ ನಿಶಾಂತ್ ಮಲ್ಲೇಶ್ವರದವನು. ಅವನೂ ಮಂಟಪ ಕಟ್ಟಿಸುವವನೇ. ಛತ್ರದಿಂದ ಮನೆಗೆ ಬರುವ ಬಸ್ಸಿನಲ್ಲಿ ಪ್ರೇಮಲತಾಳಿಗೆ ಬೇರೇನೂ ತೋಚಲಿಲ್ಲ.

ಆ ಭಾನುವಾರ ರಮ್ಯಾ ಡಿಸ್ಕು ಹಿಡಿದು ಬಂದಾಗ ಪ್ರೇಮಲತಾ ಕುರ್ಚಿ ಬಿಟ್ಟು ಏಳಲಿಲ್ಲ.

"ಅಕ್ಕ, ಈ ವಾರ ಹೊಸದೇನಾದ್ರೂ ಬರೆದ್ರಾ?" ರಮ್ಯಾ ಎಂದಿನಂತೆ ಕೇಳಿದಳು.

"ಯಾಕೆ? ನಿಂಗೇನಕ್ಕೆ ಬೇಕು?"

"ಹಂಗಲ್ಲಕ್ಕ, ಹೊಸದಿದ್ರೆ ಹೊತ್ತು ಹಿಡಿಯುತ್ತೆ, ಅದಕ್ಕೆ ಕೇಳ್ದೆ."

ಪರದೆಯ ಮೇಲೆ ಚಿತ್ರಗಳ ಹೆಸರುಗಳು ಒಂದೊಂದಾಗಿ ಓಡುತ್ತಿದ್ದವು. ರಮ್ಯಾ ಅವನ್ನು ಓದಿಕೊಳ್ಳುತ್ತಿದ್ದಾಳೆ ಎಂದು ಪ್ರೇಮಲತಾಳಿಗೆ ಅನ್ನಿಸಿತು. ಮೊದಲೆಲ್ಲ ಇದೇ ಹುಡುಗಿಯ ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸಿಕೊಂಡು ತಿನ್ನುತ್ತ ಹರಟೆ ಹೊಡೆದಿದ್ದಳು. ಈಗ ಅವಳ ಬೆರಳುಗಳ ಮೇಲೇ ಕಣ್ಣು. ಮುಂದಿನ ದಿನಗಳಲ್ಲಿ ರಮ್ಯಾ ಮಹಡಿಯಲ್ಲಿ ಮೆಲ್ಲಗೆ ಫೋನಿನಲ್ಲಿ ಮಾತಾಡಿದರೆ ಇವಳು ಮೆಟ್ಟಿಲ ಬಳಿ ಗುಡಿಸುವ ನೆಪದಲ್ಲಿ ನಿಲ್ಲುವಳು. ಗಂಡನಿಗೆ ಹೇಳಿದರೆ, "ಸುಮ್ನಿರು, ಮನೆ ಒಡಿಯೋ ಮಾತು" ಎಂದುಬಿಟ್ಟ.

ಬುಧವಾರ ರಮ್ಯಾ ತವರಿಗೆ ಹೋಗಿದ್ದಳು. ಮಧ್ಯಾಹ್ನ ಪ್ರೇಮಲತಾ ಶೋಕೇಸು ನೋಡಿದರೆ ಡಿಸ್ಕು ಇರಲಿಲ್ಲ. ವೈರು ಮಾತ್ರ ಅಲ್ಲೇ ಇತ್ತು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ, ತನ್ನ ಊಹೆ ಸರಿಯಾಯಿತಲ್ಲ ಎಂಬ ಒಂದು ಥರದ ಸಮಾಧಾನ. ಸಂಜೆ ರಮ್ಯಾ ಗೇಟು ತೆಗೆಯುತ್ತಿದ್ದಂತೆ ಎದುರಿಗೆ ಹೋಗಿ ನಿಂತಳು.

"ಡಿಸ್ಕ್ ಎಲ್ಲಿ?"

"ಶೋಕೇಸಲ್ಲಿಲ್ವಾ ಅಕ್ಕ?"

"ಇದ್ದಿದ್ರೆ ಕೇಳ್ತಿದ್ನಾ? ಬ್ಯಾಗಲ್ಲಿ ಏನಿದೆ?"

ರಮ್ಯಾ ಓರಗಿತ್ತಿಯ ಮುಖ ನೋಡಿದಳು. ಬ್ಯಾಗಿನ ಜಿಪ್ಪು ಎಳೆದು ತೆರೆದು ಹಿಡಿದಳು. ಒಂದು ಸೀರೆ, ಅಮ್ಮ ಕಟ್ಟಿಕೊಟ್ಟ ಚಕ್ಕುಲಿ. ಅಷ್ಟರಲ್ಲಿ ಸ್ಕೂಟರ್ ನಿಲ್ಲಿಸಿದ ಶಿವಶಂಕರ್, ಹೂವಿನ ಚೀಲದಿಂದ ಪೇಪರಿನಲ್ಲಿ ಸುತ್ತಿದ ಡಿಸ್ಕನ್ನು ತೆಗೆದು ಹೆಂಡತಿಯ ಕೈಗಿಟ್ಟ.

"ತಗೋ, ಒಳಗಿಡು. ಮದುವೆ ಮನೆ ಸ್ವಾಗತದ ಬೋರ್ಡ್‌ನ ಅಕ್ಕಿಪೇಟೆ ಅಂಗಡೀಲಿ ಪ್ರಿಂಟ್‌ಗೆ ಕೊಟ್ಟಿದ್ದೆ."

"ಇದನ್ಯಾಕ್ರೀ ಕೊಟ್ರಿ? ಸಿ.ಡಿ. ಮಾಡ್ಕೊಟ್ಟಿದ್ನಲ್ಲ?"

"ಒಂದ್ಸಲ ಸಿ.ಡಿ. ಓಪನ್ ಆಗ್ಲಿಲ್ಲ. ಆವತ್ತಿಂದ ಇದನ್ನೇ ಕೊಟ್ಟು ಮಾರ್ಕೆಟ್‌ಗೆ ಹೋಗ್ತೀನಿ, ವಾಪಸ್ ಬರ್ತಾ ಇಸ್ಕೊಳ್ತೀನಿ. ಬೇಕಾದ್ದನ್ನ ಅಂಗಡಿಯವ್ನೇ ಹುಡುಕ್ಕೊಳ್ತಾನೆ."

ರಮ್ಯಾ ಬ್ಯಾಗಿನ ಜಿಪ್ಪು ಎಳೆದುಕೊಂಡು ಮಹಡಿ ಹತ್ತಿದಳು.

ಮರುದಿನ ಬೆಳಗ್ಗೆ ಓರಗಿತ್ತಿಯರಿಬ್ಬರೂ ಅಕ್ಕಿಪೇಟೆಯ ಆ ಪ್ರಿಂಟಿಂಗ್ ಅಂಗಡಿಗೆ ಹೋದರು. ರಮ್ಯಾಳನ್ನು ಪ್ರೇಮಲತಾ ಕರೆದಿರಲಿಲ್ಲ. "ನಂದೂ ಅದ್ರಲ್ಲಿದೆ" ಎಂದು ಅವಳೇ ಚಪ್ಪಲಿ ಮೆಟ್ಟಿ ಬಂದಿದ್ದಳು. ಅಂಗಡಿಯ ಸಿದ್ದಬಸಪ್ಪ ಏನನ್ನೂ ಮುಚ್ಚಿಡಲಿಲ್ಲ.

"ಡೆಕೊರೇಷನ್‌ನವ್ರು ಬರ್ತಾರಮ್ಮ, ಒಳ್ಳೆ ಡಿಸೈನ್ ಇದ್ರೆ ತೋರ್ಸಿ ಅಂತಾರೆ. ತೋರಿಸ್ತೀನಿ. ಅದ್ರಲ್ಲೇನಿದೆ?"

ಪ್ರೇಮಲತಾ ಬಾಯಿ ತೆರೆಯುವಷ್ಟರಲ್ಲಿ ರಮ್ಯಾ ಅವಳ ತೋಳು ಹಿಡಿದಳು. ಗೋಡೆಗೆ ಮಾದರಿಗೆಂದು ಆಳೆತ್ತರದ ಒಂದು ಫ್ಲೆಕ್ಸ್ ಬೋರ್ಡು ಕಟ್ಟಿದ್ದರು. ಅದರಲ್ಲಿ ಅರಿಶಿನ ಶಾಸ್ತ್ರದ ದಿನದ ರಮ್ಯಾ. ಕೆನ್ನೆ, ಕತ್ತಿಗೆಲ್ಲ ಅರಿಶಿನ ಮೆತ್ತಿಕೊಂಡು, ಒದ್ದೆ ಕೂದಲಲ್ಲಿ ಕಣ್ಣು ಮುಚ್ಚಿ ನಗುತ್ತಿದ್ದಳು. ಕೆಳಗೆ 'ನಿಮ್ಮ ಶುಭ ಸಮಾರಂಭಗಳಿಗೆ' ಎಂದಿತ್ತು. ಅಂಗಡಿಗೆ ಬಂದು ಹೋಗುವವರೆಲ್ಲ ಎಷ್ಟು ದಿನದಿಂದ ಅದನ್ನು ನೋಡಿದ್ದರೋ.

ಮಂಟಪದ ಜಗಳಕ್ಕೆಂದು ಬಂದಿದ್ದ ಪ್ರೇಮಲತಾ ಮಂಟಪವನ್ನು ಮರೆತಳು.

"ಇಳಿಸ್ರೀ ಅದನ್ನ! ಯಾರನ್ನ ಕೇಳಿ ಹಾಕಿದ್ರಿ? ನಿಮ್ಮನೆ ಹೆಣ್ಮಗಳನ್ನ ಹಿಂಗೆ ನಿಲ್ಲಿಸ್ತಿದ್ರಾ?"

ಅವಳ ಕೂಗಿಗೆ ಅಕ್ಕಪಕ್ಕದ ಅಂಗಡಿಯವರೆಲ್ಲ ಬಂದು ನಿಂತರು. ಸಿದ್ದಬಸಪ್ಪ ತಾನೇ ಸ್ಟೂಲು ಹತ್ತಿ ಬೋರ್ಡು ಬಿಚ್ಚಿದ. ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ತಮ್ಮೆದುರಿಗೇ ಅಳಿಸುವ ತನಕ ಪ್ರೇಮಲತಾ ಅಲ್ಲಿಂದ ಕದಲಲಿಲ್ಲ. ಅವನು ಬೇರೆಲ್ಲೂ ಇಟ್ಟುಕೊಂಡಿಲ್ಲ ಎಂದು ಆಣೆ ಹಾಕಿದ. ಅದನ್ನು ಇಬ್ಬರೂ ನಂಬಲಿಲ್ಲ. ಆದರೆ ಇನ್ನೇನು ಮಾಡುವುದೆಂದೂ ತಿಳಿಯಲಿಲ್ಲ.

ಸುತ್ತಿದ ಬೋರ್ಡನ್ನು ಎತ್ತಿಕೊಂಡು ಹೊರಟಾಗ ರಮ್ಯಾ ಕೇಳಿದಳು: "ನಿನ್ನೆ ಡಿಸ್ಕನ್ನ ನಿಶಾಂತಣ್ಣಂಗೆ ಕೊಟ್ಟಿದೀನಿ ಅಂದ್ಕೊಂಡ್ರಾ?"

"ನಿನ್ನೆ ಅಲ್ಲ," ಪ್ರೇಮಲತಾ ಮುಖ ತಿರುಗಿಸಲಿಲ್ಲ. "ಆ ಮದುವೆ ದಿನದಿಂದ. ತಪ್ಪಾಯ್ತು ಕಣೇ."

"ಒಂದ್ಮಾತು ನನ್ನನ್ನೇ ಕೇಳ್ಬಹುದಿತ್ತು."

"ಕೇಳಿದ್ರೂ ಆಗ ನಂಬ್ತಿರ್ಲಿಲ್ಲ."

ಭಾನುವಾರ ರಮ್ಯಾ ಕೆಳಗೆ ಬರಲಿಲ್ಲ. ಪ್ರೇಮಲತಾ ಕಾದು, ಕೊನೆಗೆ ತಾನೇ ಡಿಸ್ಕು ತೆಗೆದುಕೊಂಡು ಮಹಡಿ ಹತ್ತಿದಳು. ರಮ್ಯಾ ತನ್ನ ಫೋಟೋಗಳನ್ನು ಸಿ.ಡಿ.ಗೆ ಹಾಕಿಕೊಳ್ಳುತ್ತಿದ್ದಳು.

"ನನ್ನ ಫೋಲ್ಡರ್ ಇದ್ರಲ್ಲಿ ಇನ್ಮೇಲೆ ಬೇಡ ಅಕ್ಕ. ನಿಮ್ದು ಹೆಂಗೆ ಮಾಡ್ಕೊಳ್ಳೋದು ಅಂತ ಹೇಳಿಕೊಡ್ತೀನಿ, ಕೂತ್ಕೊಳ್ಳಿ."

ಪ್ರೇಮಲತಾ ಕೂತಳು. ರಮ್ಯಾ ಕೈಕಟ್ಟಿ ಹಿಂದೆ ನಿಂತು, ಯಾವುದನ್ನು ಒತ್ತಬೇಕೆಂದು ಒಂದೊಂದಾಗಿ ಹೇಳತೊಡಗಿದಳು. ಇವಳು ಎಷ್ಟು ತಡವರಿಸಿದರೂ ಅವಳು ಮೌಸಿಗೆ ಕೈ ಹಾಕಲಿಲ್ಲ.